ಉಪ್ಪು ನೋಡುವ ಸೌಟು

ಏಳು ವರ್ಷ ಒಂದೇ ಅಡುಗೆಮನೆಯಲ್ಲಿ ಓಡಾಡಿದರೂ ಯಶ್ಮಿತಾಳ ಮುಂದೆ ಅವಳ ಅತ್ತೆ ನಳಿನಾಕ್ಷಿ ಒಂದು ಸಲವೂ ಸೌಟು ಹಿಡಿದು "ಉಪ್ಪು ನೋಡು" ಎಂದವರಲ್ಲ. ಕಾಯಿ ತುರಿಯುವುದರಲ್ಲಿ, ಮೀನು ಕೊಯ್ಯುವುದರಲ್ಲಿ, ಪಾತ್ರೆ ತಿಕ್ಕುವುದರಲ್ಲಿ ಸೊಸೆಗೆ ಪಾಲಿತ್ತು. ಉಪ್ಪು ಮಾತ್ರ ಅತ್ತೆಯದು. ಹಾಗಾಗಿ ದೀಪಾವಳಿ ಕಳೆದ ವಾರ, ಬಂಗುಡೆ ಮೀನಿನ ಹುಳಿಖಾರದ ಪುಳಿಮುಂಚಿ ಕುದಿಯುತ್ತಿದ್ದಾಗ ನಳಿನಾಕ್ಷಿ ಸೌಟಿನ ತುದಿಯಲ್ಲಿ ಚೂರು ಸಾರು ತೆಗೆದು, ಊದಿ, ಮುಂದೆ ಚಾಚಿದಾಗ ಯಶ್ಮಿತಾ ಹಿಂದೆ ತಿರುಗಿ ನೋಡಿದಳು, ಬೇರೆ ಯಾರಾದರೂ ಬಂದು ನಿಂತಿದ್ದಾರೋ ಎಂದು.

"ನಿನಗೇ ಹೇಳಿದ್ದು. ಉಪ್ಪು ನೋಡು."

"ಸರಿ ಉಂಟು ಮಾಮಿ."

"ಸರಿ ಉಂಟು ಅಂದರೆ ಎಂತ? ಇನ್ನು ಹಾಕಬೇಕಾ ಬೇಡವಾ, ಅಷ್ಟು ಹೇಳು."

"ಒಂದು ಚೂರು ಬೇಕು."

ನಳಿನಾಕ್ಷಿ ಭರಣಿಯಿಂದ ಎರಡು ಬೆರಳಲ್ಲಿ ಉಪ್ಪು ತೆಗೆದು ಹಾಕಿದರು. ತಾನು ನೋಡಿ ಖಚಿತ ಮಾಡಿಕೊಳ್ಳಲಿಲ್ಲ. ಸೊಸೆಯ ನಾಲಗೆಯ ಮೇಲೆ ಅಷ್ಟು ಭರವಸೆ.

ಮರುದಿನ ಕೊಡಿಯಾಲ್‌ಬೈಲಿನ ಹಲ್ಲಿನ ಕ್ಲಿನಿಕ್ಕಿನಲ್ಲಿ, ತಾನು ಟೋಕನ್ ಬರೆಯುವ ಕೌಂಟರಿನ ಹಿಂದೆ ಕುಳಿತು, ಯಶ್ಮಿತಾ ಈ ಸಂಗತಿಯನ್ನು ಜೊತೆಯವಳಾದ ನತಾಶಾಳಿಗೆ ಹೇಳಿದಳು. ನತಾಶಾ ಒಳಗೆ ಡಾಕ್ಟರಿಗೆ ಸಲಕರಣೆ ಎತ್ತಿಕೊಡುವವಳು. "ಪ್ರಮೋಷನ್ ಆಯ್ತು ಹಾಗಾದರೆ" ಎಂದಳು. "ನನ್ನ ಅತ್ತೆ ಉಂಟಲ್ಲ, ಸ್ವರ್ಗಕ್ಕೆ ಹೋಗುವಾಗಲೂ ಉಪ್ಪಿನ ಭರಣಿ ಕಂಕುಳಲ್ಲಿ ಇಟ್ಟುಕೊಂಡೇ ಹೋಗ್ತಾರೆ ನೋಡು." ಇಬ್ಬರೂ ನಕ್ಕರು. ಯಶ್ಮಿತಾ ಆ ವಾರವಿಡೀ ಸ್ವಲ್ಪ ತಲೆ ಎತ್ತಿಕೊಂಡೇ ನಡೆದಳು.

ಆದರೆ ನಳಿನಾಕ್ಷಿ ಸೌಟು ದಾಟಿಸಿದ್ದು ಅದಕ್ಕಲ್ಲ. ಅವರ ಎಡಗೆನ್ನೆಯ ಒಳಗೆ, ಕೆಳಗಿನ ದವಡೆಯ ಪಕ್ಕದಲ್ಲಿ ಎರಡು ತಿಂಗಳಿಂದ ಒಂದು ಹುಣ್ಣು ಇತ್ತು. ಉಪ್ಪು ತಾಗಿದರೆ ಕಿವಿಯವರೆಗೆ ಬೆಂಕಿ ಏರುತ್ತಿತ್ತು. ಇದು ಯಶ್ಮಿತಾಳಿಗೆ ತಿಳಿಯಲು ಇನ್ನೂ ಒಂಬತ್ತು ತಿಂಗಳು ಬೇಕಾಯಿತು, ಮತ್ತು ಆ ಒಂಬತ್ತು ತಿಂಗಳೂ ಅವಳು ದಿನಕ್ಕೆ ಎಂಟು ಗಂಟೆ ಕುಳಿತಿದ್ದದ್ದು ಜನರು ಬಾಯಿ ತೆರೆದು ತೋರಿಸುವ ಜಾಗದಲ್ಲಿ.

ಅವರ ಮನೆ ಕೊಟ್ಟಾರದ ಹೆದ್ದಾರಿಯಿಂದ ಒಳಗೆ ಇಳಿಯುವ ಓಣಿಯಲ್ಲಿ. ಹೆಂಚಿನ ಮಾಡು, ಹಿಂದೆ ಬಟ್ಟೆ ಒಗೆಯುವ ಕಲ್ಲು, ಬಾವಿಕಟ್ಟೆ, ಒಂದು ನುಗ್ಗೆಮರ. ಯಶ್ಮಿತಾಳ ಗಂಡ ಜಿತೇಶ್ ಕೊಲ್ಲಿ ದೇಶದ ದಮಾಮಿನಲ್ಲಿ ಎ.ಸಿ. ರಿಪೇರಿ ಕೆಲಸದಲ್ಲಿದ್ದ. ಮನೆಯಲ್ಲಿ ಇದ್ದದ್ದು ನಾಲ್ಕೇ ಜನ: ಅತ್ತೆ, ಮಾವ ಗುರುವಪ್ಪ, ಯಶ್ಮಿತಾ, ಆರು ವರ್ಷದ ಮಗಳು ಅನುಷ್ಕಾ. ಗುರುವಪ್ಪ ಹೊಳೆ ಬದಿಯ ಹೆಂಚಿನ ಕಾರ್ಖಾನೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದವರು. ಅದು ಮುಚ್ಚಿದ ಮೇಲೆ ಒಂದು ಅಪಾರ್ಟ್‌ಮೆಂಟಿನ ವಾಚ್‌ಮನ್. ಈಗ ನಿವೃತ್ತರು. ಬೆಳಿಗ್ಗೆ ಜಂಕ್ಷನಿಗೆ ಹೋಗಿ ಚಾ ಕುಡಿದು ಪೇಪರು ಓದಿ ಬಂದರೆ, ಆಮೇಲೆ ಊಟದವರೆಗೆ ಚಾವಡಿಯಲ್ಲಿ ಕುರ್ಚಿ. ಕೆಟ್ಟವರಲ್ಲ. ಹೆಂಡತಿಯ ಮೇಲೆ ಕೈ ಎತ್ತಿದವರಲ್ಲ, ಕುಡಿದವರಲ್ಲ. ನೀರಿನ ಲೋಟ ತಾನೇ ಎತ್ತಿದವರೂ ಅಲ್ಲ.

ನಳಿನಾಕ್ಷಿ ಮಾತ್ರ ಎಂದೂ ನಿವೃತ್ತರಾಗಲಿಲ್ಲ. ಕಿನ್ನಿಗೋಳಿ ಕಡೆಯ ಗೇಣಿ ಒಕ್ಕಲಿನ ಮನೆಯಲ್ಲಿ ಹುಟ್ಟಿ, ಐದನೇ ಕ್ಲಾಸು ಮುಗಿಸಿ, ಹನ್ನೊಂದನೇ ವಯಸ್ಸಿಗೆ ಬೀಡಿಯ ತಡ್ಪೆ ಮಡಿಲಿಗೆ ಇಟ್ಟುಕೊಂಡವರು. ಆ ಅಗಲದ ಗೆರಸೆ ನಲವತ್ತೈದು ವರ್ಷ ಮಡಿಲಲ್ಲೇ ಇತ್ತು. ಎಲೆ ಕತ್ತರಿಸು, ಹೊಗೆಸೊಪ್ಪು ತುಂಬು, ಸುರುಟು, ನೂಲು ಸುತ್ತು, ತಲೆ ಮಡಚು. ಕೈ ತನ್ನಷ್ಟಕ್ಕೆ ಮಾಡುತ್ತಿದ್ದರೆ ಕಣ್ಣು ಒಲೆಯ ಮೇಲೆ, ಕಿವಿ ತೊಟ್ಟಿಲ ಮೇಲೆ. ಅವರ ಬೀಡಿಯಲ್ಲಿ ಜಿತೇಶ್ ಐ.ಟಿ.ಐ. ಕಲಿತ, ಮನೆಯ ಮಾಡು ಎದ್ದಿತು. ಯಶ್ಮಿತಾ ಮದುವೆಯಾಗಿ ಬಂದ ಮೂರನೇ ತಿಂಗಳು ಕ್ಲಿನಿಕ್ಕಿನ ಕೆಲಸಕ್ಕೆ ಕರೆ ಬಂದಾಗ ಗುರುವಪ್ಪ "ಮನೆಯಲ್ಲಿ ಎಂತ ಕಡಿಮೆ ಆಗಿದೆ ಈಗ?" ಎಂದಿದ್ದರು. ತಡ್ಪೆಯಿಂದ ತಲೆ ಎತ್ತದೆ ನಳಿನಾಕ್ಷಿ "ಅವಳಿಗೆ ಹೋಗ್ಲಿಕ್ಕೆ ಒಂದು ಜಾಗ ಬೇಕು, ಅದು ಕಡಿಮೆ ಆಗಿದೆ" ಎಂದಿದ್ದರು. ಮಾತು ಅಲ್ಲಿಗೆ ಮುಗಿದಿತ್ತು.

ಅವರಿಗೆ ಇದ್ದದ್ದು ಒಂದೇ ಅಭ್ಯಾಸ. ಎಲೆಯಡಿಕೆ, ಸುಣ್ಣ, ಮುರಿದ ಹೊಗೆಸೊಪ್ಪಿನ ತುಂಡು. ಬೀಡಿ ಕಟ್ಟುವವರಲ್ಲಿ ಹೆಚ್ಚಿನವರಿಗೆ ಇದ್ದದ್ದೇ. ಹಸಿವೆ ಗೊತ್ತಾಗುವುದಿಲ್ಲ, ನಿದ್ದೆ ಬರುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಎಲೆಗೆ ಸುಣ್ಣ ಹಚ್ಚುವ ಆ ಐದು ನಿಮಿಷ ಅವರನ್ನು ಯಾರೂ ಕರೆಯುತ್ತಿರಲಿಲ್ಲ. "ಎಲೆ ತಿನ್ನುತ್ತಿದ್ದಾಳೆ" ಎಂದರೆ ಗುರುವಪ್ಪ ಕೂಡ ಕಾಯುತ್ತಿದ್ದರು. ಇಡೀ ದಿನದಲ್ಲಿ ಅವರು ಕಾಯುತ್ತಿದ್ದದ್ದು ಅಷ್ಟೇ ಹೊತ್ತು. ಎಲೆಯನ್ನು ಮಡಚಿ ಎಡಗೆನ್ನೆಯ ಸಂದಿಗೆ ಸೇರಿಸಿ ನಳಿನಾಕ್ಷಿ ಮತ್ತೆ ಏಳುತ್ತಿದ್ದರು. ನಲವತ್ತು ವರ್ಷ ಅದೇ ಸಂದಿ.

ಆಮೇಲೆ ಹಿಂದಿರುಗಿ ನೋಡುವಾಗ ಯಶ್ಮಿತಾಳಿಗೆ ಎಲ್ಲವೂ ಸಾಲಾಗಿ ಕಂಡಿತು. ಆಗ ಒಂದೂ ಕಂಡಿರಲಿಲ್ಲ.

ದೀಪಾವಳಿಯ ಹೊತ್ತಿಗೇ ಎಲೆಯಡಿಕೆ ನಿಂತಿತ್ತು. ದೈವಕ್ಕೆ ಹೇಳಿಕೊಂಡಿದ್ದೇನೆ, ಬಿಟ್ಟೆ, ಎಂದಿದ್ದರು. ಗುರುವಪ್ಪ ಅದನ್ನು ಜಂಕ್ಷನಿನಲ್ಲೂ ಹೇಳಿ ಹೆಮ್ಮೆಪಟ್ಟರು. ಮೊದಲು ಸೋಮವಾರ ಮಾತ್ರ ಉಪವಾಸ. ಆಮೇಲೆ ಗುರುವಾರ, ಆಮೇಲೆ ಶನಿವಾರವೂ ಸೇರಿತು. ಜಿತೇಶನ ವೀಡಿಯೊ ಕಾಲ್ ಬಂದರೆ ಫೋನಿಗೆ ಬಲಗೆನ್ನೆ ತಿರುಗಿಸಿ ಕೂರುತ್ತಿದ್ದರು. "ಅಮ್ಮ ಈಗ ಫೋಟೋಕ್ಕೆ ಪೋಸ್ ಕೊಡ್ಲಿಕ್ಕೆ ಕಲಿತಿದ್ದಾರೆ" ಎಂದು ಅವನು ತಮಾಷೆ ಮಾಡುತ್ತಿದ್ದ. ಒಂದು ಸಂಜೆ ಕೊಟ್ಟಾರದ ಮೆಡಿಕಲ್ಲಿನ ಇಮ್ತಿಯಾಝ್ ಅನುಷ್ಕಾಳಿಗೆ ಜ್ವರದ ಸಿರಪ್ ಕೊಡುತ್ತ ಯಶ್ಮಿತಾಳನ್ನು ಕೇಳಿದ್ದ: "ಅಕ್ಕ, ನಿಮ್ಮ ಬಾಯಿಹುಣ್ಣು ಕಡಿಮೆ ಆಯ್ತಾ?"

"ನನಗೆ ಎಂತ ಹುಣ್ಣು? ಬೇರೆ ಯಾರನ್ನೋ ನೆನಪು ಮಾಡಿಕೊಂಡಿದ್ದೀರಿ."

"ಹೌದಾ? ಇರಬಹುದು, ಇರಬಹುದು" ಎಂದು ಅವನು ತಲೆ ಕೆರೆದಿದ್ದ. ಸೊಸೆಗೆಂದು ಹೇಳಿ ನಳಿನಾಕ್ಷಿ ಅವನಿಂದ ಐದು ಸಲ ಮುಲಾಮು ತಂದಿದ್ದರು. ಐದನೆಯ ಸಲ ಅವನು "ಸೊಸೆ ಡೆಂಟಲ್ ಕ್ಲಿನಿಕ್ಕಿನಲ್ಲೇ ಇರುವುದಲ್ಲವಾ, ಅಲ್ಲೇ ತೋರಿಸ್ಲಿಕ್ಕೆ ಹೇಳಿ" ಎಂದದ್ದರಿಂದ ಆರನೆಯ ಸಲ ಹೋಗಲಿಲ್ಲ.

ಮತ್ತೆ ಆ ಕ್ಯಾಲೆಂಡರು. ಹೊಸವರ್ಷಕ್ಕೆ ಕ್ಲಿನಿಕ್ಕಿನವರು ಹಂಚಿದ್ದನ್ನು ಯಶ್ಮಿತಾ ತಂದು ಅಡುಗೆಮನೆಯಲ್ಲಿ ತೂಗು ಹಾಕಿದ್ದಳು. ಪ್ರತಿ ಹಾಳೆಯ ಅಡಿಯಲ್ಲಿ ಒಂದೇ ಸಾಲು: ಬಾಯಿಯ ಹುಣ್ಣು ಎರಡು ವಾರದಲ್ಲಿ ಮಾಯದಿದ್ದರೆ ಡಾಕ್ಟರಿಗೆ ತೋರಿಸಿ. ಕೆಲವೇ ದಿನದಲ್ಲಿ ಕ್ಯಾಲೆಂಡರಿನ ಕೆಳಗಿನ ಅಂಚು ಮೇಲಕ್ಕೆ ಮಡಚಿ, ಬಟ್ಟೆಯ ಕ್ಲಿಪ್ಪು ಹಾಕಿಕೊಂಡು ನಿಂತಿತ್ತು. ಒಲೆಯ ಹಬೆ ತಾಗಬಾರದೆಂದು ಅತ್ತೆ ಮಾಡಿದ್ದು ಎಂದುಕೊಂಡಳು ಯಶ್ಮಿತಾ. ತಿಂಗಳು ಬದಲಾದಾಗಲೆಲ್ಲ ಹೊಸ ಹಾಳೆಯೂ ಹಾಗೇ ಮಡಚಿಕೊಳ್ಳುತ್ತಿತ್ತು.

ಇಷ್ಟೆಲ್ಲ ಇದ್ದೂ ಕಾಣದೆ ಹೋದದ್ದಕ್ಕೆ ಮುಖ್ಯ ಕಾರಣ ಇನ್ನೂ ಸಣ್ಣದು. ಆ ಮನೆಯಲ್ಲಿ ನಳಿನಾಕ್ಷಿ ಉಣ್ಣುವುದನ್ನು ನೋಡಿದವರೇ ಇರಲಿಲ್ಲ. ಮೊದಲು ಗುರುವಪ್ಪ, ಆಮೇಲೆ ಮಗು, ಕೆಲಸದಿಂದ ಬಂದವಳೆಂದು ಸೊಸೆ. "ನೀವೂ ಕೂತುಕೊಳ್ಳಿ ಮಾಮಿ" ಎಂದರೆ "ನೀವು ಉಣ್ಣಿ, ನನಗೆ ಇನ್ನೂ ಒಂದು ಕೆಲಸ ಉಂಟು." ಆ ಒಂದು ಕೆಲಸ ಏನೆಂದು ಏಳು ವರ್ಷ ಯಾರೂ ಕೇಳಲಿಲ್ಲ. ಎಲ್ಲರೂ ಕೈ ತೊಳೆದು ಹೋದ ಮೇಲೆ ಅವರು ಅಡುಗೆಮನೆಯ ನೆಲದಲ್ಲಿ ಒಬ್ಬರೇ ಕೂರುತ್ತಿದ್ದರು. ಅಲ್ಲಿ ಅನ್ನ ಗಂಜಿಯಾಯಿತು, ಗಂಜಿ ತಿಳಿಯಾಯಿತು, ಕೊನೆಗೆ ಲೋಟದಿಂದ ಚಮಚಕ್ಕೆ ಬಂತು. ಎಲ್ಲರಾದ ಮೇಲೆ ಉಣ್ಣುವವಳ ಬಾಯಿ ನಿಧಾನವಾಗಿ ಮುಚ್ಚಿಕೊಳ್ಳುತ್ತಿದ್ದರೂ ಮನೆಗೆ ಅದರ ಸುಳಿವಿಲ್ಲ.

ಗೊತ್ತಾದದ್ದು ಆಟಿ ತಿಂಗಳ ಅಮಾವಾಸ್ಯೆಯ ದಿನ.

ಆ ದಿನ ಬೆಳಿಗ್ಗೆ ಖಾಲಿಹೊಟ್ಟೆಗೆ ಪಾಲೆಮರದ ತೊಗಟೆಯ ಕಷಾಯ ಕುಡಿಯಲೇಬೇಕು. ಮಳೆಗಾಲದ ಆ ಒಂದು ಅಮಾವಾಸ್ಯೆಗೆ ಎಲ್ಲ ಮದ್ದೂ ಬಂದು ಆ ಮರದ ತೊಗಟೆಯಲ್ಲಿ ಸೇರುತ್ತದೆ, ಕುಡಿದವರಿಗೆ ವರ್ಷವಿಡೀ ರೋಗ ತಾಗುವುದಿಲ್ಲ ಎಂದು ನಂಬಿಕೆ. ವರ್ಷದಲ್ಲಿ ಗುರುವಪ್ಪ ಅಡುಗೆಮನೆಗೆಂದು ಮಾಡುವ ಕೆಲಸ ಅದೊಂದೇ: ಬೆಳಕು ಹರಿಯುವ ಮೊದಲು ಹೋಗಿ ಕಲ್ಲಿನಿಂದ ಜಜ್ಜಿ ತೊಗಟೆ ತರುವುದು. ಗುದ್ದಿ ರಸ ತೆಗೆಯುವುದು, ಬೆಳ್ಳುಳ್ಳಿ, ಕಾಳುಮೆಣಸು, ಓಮ ಅರೆದು ಸೇರಿಸುವುದು, ಕೆಂಡದಲ್ಲಿ ಕಾಯಿಸಿದ ಬಿಳಿಕಲ್ಲನ್ನು ಚುಂಯ್ ಎಂದು ಅದರಲ್ಲಿ ಮುಳುಗಿಸುವುದು, ಆಮೇಲೆ ಹೊಟ್ಟೆ ತಂಪಾಗಲೆಂದು ಮೆಂತೆ ಗಂಜಿ ಇಡುವುದು ನಳಿನಾಕ್ಷಿ.

ಗುರುವಪ್ಪ ಕಣ್ಣು ಮುಚ್ಚಿ ಗಟಗಟ ಕುಡಿದರು. ಅನುಷ್ಕಾ ಒಂದು ಗುಟುಕು ನುಂಗಿ, "ಇದು ಹಾಗಲಕಾಯಿಯ ಅಜ್ಜ" ಎಂದು ಓಡಿದಳು. ಯಶ್ಮಿತಾ ಕುಡಿದು, ಬೆಲ್ಲದ ತುಂಡು ಬಾಯಿಗೆ ಹಾಕಿ, ಕ್ಲಿನಿಕ್ಕಿಗೆ ಹೊರಟು ಗೇಟಿನವರೆಗೆ ಹೋದವಳು ಹಿತ್ತಲಲ್ಲಿ ಒಣಗಿಸಿದ್ದ ಕೊಡೆ ನೆನಪಾಗಿ ತಿರುಗಿ ಬಂದಳು.

ಬಟ್ಟೆ ಒಗೆಯುವ ಕಲ್ಲಿನ ಮೇಲೆ ನಳಿನಾಕ್ಷಿ ಕುಳಿತಿದ್ದರು. ಬೆನ್ನು ಮನೆಯ ಕಡೆಗೆ. ಮಡಿಲಲ್ಲಿ ಕಷಾಯದ ಬಟ್ಟಲು. ಬಟ್ಟಲು ಅಲ್ಲ, ಪಾತ್ರೆ. ಮನೆಯವರೆಲ್ಲರಿಗೆ ಒಂದೊಂದು ಸಣ್ಣ ಲೋಟ, ತನಗೆ ಅರ್ಧ ಪಾತ್ರೆ. ತಲೆಯನ್ನು ಬಲಭುಜಕ್ಕೆ ಒರಗಿಸಿ, ಎಡಗೈಯನ್ನು ಎಡದವಡೆಗೆ ಒತ್ತಿ ಹಿಡಿದು, ಅನುಷ್ಕಾ ಶಿಶುವಾಗಿದ್ದಾಗ ಮದ್ದು ಕುಡಿಸಲು ಇಟ್ಟಿದ್ದ ಸಣ್ಣ ಚಮಚದಿಂದ ಬಾಯಿಯ ಬಲಮೂಲೆಗೆ ಹನಿ ಹನಿ ಬಿಟ್ಟುಕೊಳ್ಳುತ್ತಿದ್ದರು. ಬೆಳ್ಳುಳ್ಳಿ, ಕಾಳುಮೆಣಸು, ಆ ಕಹಿ. ಒಂದೊಂದು ಚಮಚಕ್ಕೂ ಮೈಯೆಲ್ಲ ಬಿಗಿದುಕೊಳ್ಳುತ್ತಿತ್ತು, ಕಾಲಿನ ಹೆಬ್ಬೆರಳು ಕಲ್ಲಿಗೆ ಒತ್ತಿಕೊಳ್ಳುತ್ತಿತ್ತು. ಕಣ್ಣಿನಿಂದ ನೀರು ಸುರಿಯುತ್ತಿತ್ತು. ಶಬ್ದ ಮಾತ್ರ ಇಲ್ಲ. ಒಂದು ಹನಿ ಗಲ್ಲಕ್ಕೆ ಇಳಿದಾಗ ಬೆರಳಿಂದ ಎತ್ತಿ ಅದನ್ನೂ ಒಳಗೆ ಹಾಕಿಕೊಂಡರು.

ಯಶ್ಮಿತಾಳಿಗೆ ಮೊದಲು ಭಯವಾಗಲಿಲ್ಲ. ದೊಡ್ಡದೇನನ್ನೋ ನೋಡುತ್ತಿದ್ದೇನೆ ಎನಿಸಿತು. ಯಾರೋ ಬರಿಗಾಲಿನಲ್ಲಿ ಕೆಂಡ ತುಳಿಯುವುದನ್ನು ದೂರದಿಂದ ನೋಡಿದ ಹಾಗೆ. ಆಮೇಲೆ ಕೌಂಟರಿನ ಹಿಂದೆ ಕುಳಿತು ವರ್ಷಗಟ್ಟಲೆ ಕೇಳಿದ ಮಾತುಗಳೆಲ್ಲ ಒಂದೊಂದಾಗಿ ನೆನಪಿಗೆ ಬಂದವು.

"ಮಾಮಿ."

ನಳಿನಾಕ್ಷಿ ಸೆರಗಿಂದ ಮುಖ ಒರೆಸಿಕೊಂಡರು. "ನಿನ್ನ ಬಸ್ಸು ಹೋಗ್ತದೆ."

"ಬಾಯಿ ತೆರೆಯಿರಿ."

"ನೀನು ಎಂದಿನಿಂದ ಡಾಕ್ಟರು? ಚೀಟಿ ಬರೆಯುವವಳು ಚೀಟಿ ಬರಿ ಹೋಗು."

"ಮೂರು ಬೆರಳು ಹೋಗಬೇಕು ಮಾಮಿ, ಮೇಲಿನ ಹಲ್ಲಿಗೂ ಕೆಳಗಿನದಕ್ಕೂ ನಡುವೆ. ಡಾಕ್ಟರು ಎಲ್ಲರಿಗೂ ನೋಡುವುದು ಹಾಗೆಯೇ. ನಿಮ್ಮದೇ ಬೆರಳು. ಹಾಕಿ ತೋರಿಸಿ, ನಾನು ಈಗಲೇ ಹೋಗ್ತೇನೆ."

ಅವರು ಚಮಚವನ್ನು ಪಾತ್ರೆಗೆ ಹಾಕಿದರು. ಆಮೇಲೆ ಬಲಗೈಯ ಮೂರು ಬೆರಳು ಜೋಡಿಸಿ ತುಟಿಯವರೆಗೆ ಒಯ್ದು ನಿಲ್ಲಿಸಿದರು. ಮೂರರಲ್ಲಿ ಒಂದನ್ನು ಮಡಚಿದರು. ಎರಡು ಬೆರಳೂ ಹಲ್ಲಿಗೆ ತಾಗಿ ನಿಂತವು. ಕೊನೆಗೆ ಒಂದು ಬೆರಳು ಒಳಗೆ ಹೋಯಿತು. ಕೋಟಿಗಟ್ಟಲೆ ಬೀಡಿ ಸುರುಟಿದ, ತುದಿ ಸವೆದು ಚಪ್ಪಟೆಯಾದ ಬೆರಳು.

ಬೆರಳು ಹೊರಗೆ ತೆಗೆದು, "ಇವತ್ತು ಕಷಾಯ ಕುಡಿದಾಯ್ತಲ್ಲ, ಇನ್ನು ಬಿಡ್ತದೆ" ಎಂದರು.

"ಇದಕ್ಕಾ ಕಾದದ್ದು? ಆಟಿ ಅಮಾವಾಸ್ಯೆಗೆ?"

"ಮೊದಲು ಉಷ್ಣ ಅಂದುಕೊಂಡೆ. ಎಳನೀರು, ರಾಗಿ ಮಣ್ಣಿ ಎಲ್ಲ ಮಾಡಿದೆ. ಆಮೇಲೆ ದೀಪಾವಳಿ ಬಂತು, ಹಬ್ಬ ಕಳೀಲಿ ಅಂದೆ. ಜಿತ್ತು ಏಪ್ರಿಲಿಗೆ ಬರ್ತಾನೆ, ಒಂದು ತಿಂಗಳ ರಜೆ, ಅವನನ್ನು ಆಸ್ಪತ್ರೆ ಬಾಗಿಲಲ್ಲಿ ಕೂರಿಸುವುದಾ? ಅವನು ಹೋಗ್ಲಿ ಅಂದೆ. ಮಗು ಒಂದನೇ ಕ್ಲಾಸಿಗೆ ಸೇರ್ಲಿ ಅಂದೆ. ಅಷ್ಟರಲ್ಲಿ ಆಟಿ ಬಂತು. ಒಂದು ಕಷಾಯ ಕುಡಿದು ನೋಡುವ ಅಂತ."

"ಒಂದು ಸಲ ನನಗೆ ಹೇಳಬಹುದಿತ್ತು."

"ಹೇಳಿದರೆ ನೀನು ಅದಕ್ಕೆ ಒಂದು ಹೆಸರು ಇಡ್ತಿ." ನಳಿನಾಕ್ಷಿ ಪಾತ್ರೆಯ ತಳ ನೋಡಿದರು. "ಹೆಸರು ಇಡದಿದ್ದರೆ ಅದು ನನ್ನೊಬ್ಬಳದು. ಬೆಳಿಗ್ಗೆ ಏಳ್ತೇನೆ, ನೋವು ಕಡಿಮೆ ಉಂಟು ಅಂತ ಅನಿಸ್ತದೆ, ಚಾ ಇಡ್ತೇನೆ. ಹೆಸರು ಇಟ್ಟ ಮೇಲೆ ಅದು ಎಲ್ಲರ ಜೊತೆ ಊಟಕ್ಕೆ ಕೂರ್ತದೆ. ಮತ್ತೆ ಏಳುವುದಿಲ್ಲ. ನನ್ನ ಅಕ್ಕನಿಗೆ ಬಂದದ್ದು ನಿನಗೆ ಗೊತ್ತಿಲ್ಲ. ತುಂಡು ತೆಗೆದು ಪರೀಕ್ಷೆ ಮಾಡಿದರು, ಮೂರು ತಿಂಗಳಲ್ಲಿ ಹೋದಳು. ಕತ್ತಿ ತಾಗಿದರೆ ಅದು ಹರಡ್ತದೆ."

"ಅವರು ಹೋಗುವಾಗ ಹೇಗಿತ್ತು ಹುಣ್ಣು?"

"ಗಲ್ಲದಲ್ಲಿ ತೂತು ಆಗಿತ್ತು. ಕುಡಿದ ನೀರು ಹೊರಗೆ ಬರ್ತಿತ್ತು."

"ಹಾಗಾದರೆ ಕತ್ತಿ ಎಂತ ಮಾಡಿದ್ದು ಮಾಮಿ?"

ನುಗ್ಗೆಮರದಿಂದ ಮಳೆಹನಿ ಕಲ್ಲಿನ ಮೇಲೆ ಬೀಳುತ್ತಿತ್ತು. ನಳಿನಾಕ್ಷಿ ಕಷಾಯದ ಪಾತ್ರೆ ತೊಳೆದು ಬೋರಲು ಹಾಕಿದರು; ಆ ಹೊತ್ತಿನಲ್ಲೂ ಪಾತ್ರೆ ಎಂಜಲು ಇಟ್ಟು ಮಾತಾಡುವುದು ಅವರಿಗೆ ಆಗದು. ಆಮೇಲೆ ಇಷ್ಟು ಹೊತ್ತು ಒಳಗೆ ಹಿಡಿದಿಟ್ಟದ್ದನ್ನು ಹೇಳಿದರು, ಒಗೆದ ಬಟ್ಟೆಯ ಲೆಕ್ಕ ಹೇಳಿದಷ್ಟೇ ಸಾದಾ ದನಿಯಲ್ಲಿ.

"ನಾನು ಮಲಗಿದರೆ ನೀನು ಕೆಲಸ ಬಿಡ್ತಿ. ಬೇರೆ ದಾರಿ ಇಲ್ಲ. ಮಗು, ಇವರು, ನಾನು, ಒಲೆ. ನಿನ್ನನ್ನು ಆ ಬಾಗಿಲು ದಾಟಿಸಿದ್ದು ನಾನು. ನಾನೇ ಅದನ್ನು ಮುಚ್ಚುವುದಾ?"

ಯಶ್ಮಿತಾ ಬಾವಿಕಟ್ಟೆಯ ಮೇಲೆ ಕುಳಿತುಬಿಟ್ಟಳು. ಪ್ರತಿ ದಿನ ಎಂಟೂಕಾಲಿಗೆ ತಾನು ಬ್ಯಾಗು ಏರಿಸಿ ಹೊರಡುವಾಗ ಅಡುಗೆಮನೆಯ ಕಿಟಕಿಯಿಂದ "ಹೋಗಿ ಬಾ" ಎನ್ನುವ ದನಿಯ ಹಿಂದೆ ಒಂದು ಬಾಯಿ ಇತ್ತು, ಆ ಬಾಯಿ ದಿನಕ್ಕೆ ಒಂದು ಕೂದಲೆಳೆಯಷ್ಟು ಮುಚ್ಚಿಕೊಳ್ಳುತ್ತಿತ್ತು, ಮತ್ತು ಅದು ತನಗೋಸ್ಕರ ಸುಮ್ಮನಿತ್ತು. ಹೆದರಿಕೆಯೂ ಇತ್ತು, ಮೂಢತನವೂ ಇತ್ತು, ಸುಳ್ಳೂ ಇತ್ತು. ಎಲ್ಲದರ ಅಡಿಯಲ್ಲಿ ಇಷ್ಟೊಂದು ದೊಡ್ಡದು ಇತ್ತು. ಅದರ ಎದುರು ಸಿಟ್ಟು ಮಾಡುವುದೋ ತಲೆ ಬಾಗುವುದೋ ಅವಳಿಗೆ ತಿಳಿಯಲಿಲ್ಲ.

ಅಷ್ಟರಲ್ಲಿ ಗುರುವಪ್ಪ ಹಿತ್ತಲ ಬಾಗಿಲಿಗೆ ಬಂದರು. "ಮೆಂತೆ ಗಂಜಿ ಆಗ್ಲಿಲ್ಲವಾ? ಕಷಾಯ ಹೊಟ್ಟೆಯಲ್ಲಿ ಉರೀತಾ ಉಂಟು."

ನಳಿನಾಕ್ಷಿ ಸೊಸೆಯ ಕಡೆ ನೋಡಿದರು. ಕಂಡೆಯಾ, ಎಂಬಂತೆ.

ಯಶ್ಮಿತಾ ಎದ್ದು, ಮಾವನಿಗೆ ಎರಡೇ ಮಾತಿನಲ್ಲಿ ವಿಷಯ ಹೇಳಿದಳು. ಗುರುವಪ್ಪ ಬಾಗಿಲ ಚೌಕಟ್ಟು ಹಿಡಿದುಕೊಂಡರು. ಹೆಂಡತಿಯ ಮುಖವನ್ನೇ ನೋಡುತ್ತ ನಿಂತರು. ನಲವತ್ತು ವರ್ಷದಲ್ಲಿ ಆ ಮುಖವನ್ನು ಅಷ್ಟು ಹೊತ್ತು ನೋಡಿದ್ದು ಬಹುಶಃ ಅದೇ ಮೊದಲು.

"ನಾಳೆ ಹೋಗುವ" ಎಂದರು ನಳಿನಾಕ್ಷಿ. ಗಂಡ ಚೌಕಟ್ಟು ಬಿಡದೆ ನಿಂತದ್ದನ್ನು ಕಂಡು ಹೇಳಿದ್ದಿರಬೇಕು. ಆಮೇಲೆ ಎಂದಿನಂತೆ, "ಆದರೆ ನಾಳೆ ಶುಕ್ರವಾರ, ಮಗುವಿಗೆ ಶಾಲೆಯಲ್ಲಿ..."

"ಎಂತೆಂತ ಉಂಟು ಹೇಳಿ" ಎಂದಳು ಯಶ್ಮಿತಾ. ಒಳಗೆ ಹೋಗಿ ಅನುಷ್ಕಾಳ ಯು.ಕೆ.ಜಿ. ನೋಟ್‌ಬುಕ್ಕು ತಂದಳು, ಅರ್ಧ ಖಾಲಿಯಿತ್ತು. "ಎದ್ದದ್ದರಿಂದ ಹೇಳಿ. ಬರೀತೇನೆ. ಹಂಚಿಕೊಳ್ತೇವೆ."

ಅಡುಗೆಮನೆಗೆ ಬಂದು ಕುಳಿತು ನಳಿನಾಕ್ಷಿ ಹೇಳತೊಡಗಿದರು. ಮೊದಲು ನಾಚಿಕೊಂಡು, ಆಮೇಲೆ ಸರಾಗವಾಗಿ. ಬಾವಿಯ ಪಂಪು ಹಾಕುವ ಮೊದಲು ಅದರ ಬಾಯಿಗೆ ಒಂದು ಚೆಂಬು ನೀರು ಹೊಯ್ಯಬೇಕು, ಇಲ್ಲದಿದ್ದರೆ ಎಳೆಯುವುದಿಲ್ಲ. ಇವರ ಸಕ್ಕರೆ ಮಾತ್ರೆ ಊಟಕ್ಕೆ ಅರ್ಧ ಗಂಟೆ ಮೊದಲು, ಕೈಯಲ್ಲಿ ಕೊಟ್ಟರೆ ಮರೀತಾರೆ, ನೀರಿನ ಜೊತೆ ಬಾಯಿಗೇ ಕೊಡಬೇಕು. ಕುಚ್ಚಲಕ್ಕಿ ಬೇಯುವಾಗ ಮೂರನೇ ಕುದಿಗೆ ಉರಿ ಸಣ್ಣ. ಮಗುವಿನ ಜಡೆ ಎಡದಿಂದ ಹಾಕಿದರೆ ಅಳ್ತಾಳೆ. ಮೀನಿನವಳು ಬಂದಾಗ ಕಿವಿರು ಎತ್ತಿ ನೋಡಬೇಕು. ಮಳೆಗಾಲದಲ್ಲಿ ಹಾಸಿಗೆ ಬಟ್ಟೆ ಮಂಗಳವಾರ ಒಗೆದರೆ ಗುರುವಾರಕ್ಕೆ ಒಣಗ್ತದೆ, ನಡುವೆ ಒಲೆಯ ಮೇಲಿನ ಹಗ್ಗಕ್ಕೆ ಬದಲಿಸಬೇಕು. ಹಾಳೆ ಸಾಕಾಗದೆ ಯಶ್ಮಿತಾ ತಿರುಗಿಸಿದಳು, ಮತ್ತೆ ತಿರುಗಿಸಿದಳು. ಕ್ಲಿನಿಕ್ಕಿಗೆ ಫೋನು ಮಾಡಿ ರಜೆ ಹೇಳಿ ಬಂದು ಮತ್ತೆ ಬರೆದಳು. ಏಳು ವರ್ಷ ತಾನು ಬದುಕಿದ ಮನೆ ಇದೆಂದು ಅವಳಿಗೆ ಗೊತ್ತಿತ್ತು. ಅದರ ಅಡಿಪಾಯವನ್ನು ನೋಡಿದ್ದು ಆವತ್ತೇ.

ಗುರುವಪ್ಪ ಕನ್ನಡಕ ಹಾಕಿಕೊಂಡು ನೋಟ್‌ಬುಕ್ಕು ಎಳೆದುಕೊಂಡರು. ಎರಡು ಹಾಳೆ ಓದಿ, "ಇದು ಒಂದು ವಾರದ್ದಾ?" ಎಂದು ಕೇಳಿದರು.

"ಅಲ್ಲ ಮಾವ. ಹನ್ನೊಂದು ಗಂಟೆವರೆಗಿನದ್ದು."

ಅವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಆಮೇಲೆ ಎದ್ದು ಒಲೆಯ ಹತ್ತಿರ ಹೋಗಿ ಮೆಂತೆ ಗಂಜಿಯ ಮುಚ್ಚಳ ತೆಗೆದರು. ಸೌಟು ಎಲ್ಲಿದೆಯೆಂದು ಹುಡುಕುತ್ತ ಮೂರು ಡಬ್ಬಿ ಬೀಳಿಸಿದರು. ಹೇಳಿಕೊಡಲು ಏಳಹೊರಟ ನಳಿನಾಕ್ಷಿಯ ಭುಜವನ್ನು ಯಶ್ಮಿತಾ ಒತ್ತಿ ಹಿಡಿದಳು.

ಮರುದಿನ ಡಾಕ್ಟರ್ ಶಹನಾಝ್ ಕುರ್ಚಿಯ ದೀಪ ಕೆಳಗೆ ಎಳೆದರು. ಈ ಕ್ಲಿನಿಕ್ಕಿನಲ್ಲಿ ಅವರು ಇಪ್ಪತ್ತು ವರ್ಷದಿಂದ ಬಾಯಿ ನೋಡುತ್ತಿದ್ದವರು. ನತಾಶಾ ಕನ್ನಡಿ ಎತ್ತಿಕೊಟ್ಟು, ಯಶ್ಮಿತಾಳ ಕಡೆ ನೋಡಿ, ಕಣ್ಣು ಕೆಳಗೆ ಹಾಕಿದಳು. ಡಾಕ್ಟರು ಗಲ್ಲದ ಒಳಗೆ ನಿಧಾನವಾಗಿ ನೋಡಿದರು, ಕುತ್ತಿಗೆ ಮುಟ್ಟಿ ನೋಡಿದರು. ಮುಖದಲ್ಲಿ ಏನೂ ತೋರಿಸಲಿಲ್ಲ.

"ಎಷ್ಟು ಸಮಯದಿಂದ ಉಂಟು ಅಮ್ಮ?"

ಯಶ್ಮಿತಾಳಿಗೆ ಈ ಪ್ರಶ್ನೆಗೆ ಬರುವ ಉತ್ತರಗಳೆಲ್ಲ ಗೊತ್ತಿದ್ದವು. ಕೌಂಟರಿನವರೆಗೆ ಕೇಳಿಸುತ್ತಿದ್ದವು. ಸ್ವಲ್ಪ ದಿನ ಆಯ್ತು. ಒಂದು ತಿಂಗಳು ಇರಬಹುದು. ಸರಿ ನೆನಪಿಲ್ಲ. ಒಬ್ಬರೂ ನಿಜ ಹೇಳಿದ್ದನ್ನು ಅವಳು ಕೇಳಿರಲಿಲ್ಲ.

ನಳಿನಾಕ್ಷಿ ಮೇಲಿನ ದೀಪವನ್ನೇ ನೋಡುತ್ತಿದ್ದರು. "ಹೋದ ವರ್ಷ ಚೌತಿಯ ಮುನ್ನಾ ದಿನ" ಎಂದರು. "ಶುಕ್ರವಾರ. ಗ್ಯಾಸಿನವ ಬಂದು ಹೋದ ಮೇಲೆ. ಗಣಪತಿಗೆ ತಂದ ಕಬ್ಬಿನಲ್ಲಿ ಒಂದು ತುಂಡು ಮಗುವಿಗೆ ಸಿಗಿದು ಕೊಡುವ ಅಂತ ಎಡಗಡೆ ಕಚ್ಚಿದೆ. ಆಗ ಗೊತ್ತಾಯ್ತು. ಇವತ್ತಿಗೆ ನಲವತ್ತಾರು ವಾರ. ನಿಮ್ಮ ಕ್ಯಾಲೆಂಡರಿನಲ್ಲಿ ಎರಡು ಅಂತ ಬರೆದಿದ್ದೀರಿ. ನಲವತ್ತನಾಲ್ಕು ಹೆಚ್ಚಾಯ್ತು."

ಡಾಕ್ಟರು ಕೈಯಲ್ಲಿದ್ದ ಕನ್ನಡಿಯನ್ನು ತಟ್ಟೆಗೆ ಇಟ್ಟರು. ಯಶ್ಮಿತಾ ಗೋಡೆಗೆ ಒರಗಿದಳು. ಹಾಗಾದರೆ ಮರೆತದ್ದಲ್ಲ. ಉಷ್ಣವೆಂದು ನಂಬಿದ್ದಲ್ಲ. ಪ್ರತಿ ಶುಕ್ರವಾರ ಎಣಿಸಿದ್ದಾರೆ. ಒಂದು ಕೈಯಿಂದ ಆ ಸಾಲನ್ನು ಮಡಚಿ ಕ್ಲಿಪ್ಪು ಹಾಕುತ್ತ, ಇನ್ನೊಂದು ಕೈಯಿಂದ ವಾರ ಎಣಿಸುತ್ತ, ನಡುವೆ ಸಾರು ಕುದಿಸುತ್ತ, ಜಡೆ ಹಾಕುತ್ತ, ಸೊಸೆಯನ್ನು ಬಸ್ಸಿಗೆ ಕಳಿಸುತ್ತ. ಗೊತ್ತಿರುವುದನ್ನು ಗೊತ್ತಿಲ್ಲದಂತೆ ಹೊತ್ತುಕೊಂಡು ನಡೆಯಲು ಎಷ್ಟು ಬಲ ಬೇಕು. ಅದರಲ್ಲಿ ಅರ್ಧದಷ್ಟು ಬಲ ಸಾಕಿತ್ತು, ಮೂರನೇ ಮಹಡಿಯ ಈ ಕುರ್ಚಿಗೆ ಹತ್ತಿ ಬರಲು.

"ತುಂಡು ತೆಗೆದು ಪರೀಕ್ಷೆ ಮಾಡಬೇಕು" ಎಂದರು ಡಾಕ್ಟರ್ ಶಹನಾಝ್. "ಅದರಿಂದ ಹರಡುವುದಿಲ್ಲ ಅಮ್ಮ. ಹರಡುವುದು ಕಾದದ್ದರಿಂದ. ನೀವು ಕಾದಿದ್ದೀರಿ, ಹೌದು. ಆದರೆ ಕುತ್ತಿಗೆಯಲ್ಲಿ ಗಂಟು ಕೈಗೆ ಸಿಗುತ್ತಿಲ್ಲ. ಇನ್ನು ಒಂದು ವಾರವೂ ಕಾಯುವುದು ಬೇಡ."

ನಳಿನಾಕ್ಷಿ ಎದ್ದು ಕುಳಿತು ಸೆರಗು ಸರಿಮಾಡಿಕೊಂಡರು. "ಇನ್ನು ಕಾಯುವುದು ಬೇಡ" ಎಂದರು.

ಪರೀಕ್ಷೆಯಲ್ಲಿ ಹೆಸರು ಬಂತು. ಆಗಸ್ಟಿನಲ್ಲಿ ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ನು: ಎಡಗಲ್ಲದ ಒಳಭಾಗ, ದವಡೆಯ ಒಂದು ಅಂಚು, ನಾಲ್ಕು ಹಲ್ಲು ಹೋದವು; ಮುಂಗೈಯ ಚರ್ಮ ತೆಗೆದು ಗಲ್ಲದೊಳಗೆ ಹೊಲಿದರು. ಬೇಗ ಬಂದಿದ್ದರೆ ಇಷ್ಟು ತೆಗೆಯಬೇಕಾಗಿರಲಿಲ್ಲ ಎಂದು ಡಾಕ್ಟರು ಮುಚ್ಚುಮರೆ ಇಲ್ಲದೆ ಹೇಳಿದರು. ಜಿತೇಶ್ ಇಪ್ಪತ್ತು ದಿನ ಬಂದು ಹೋದ. ಬಂದವನು ಮೊದಲು ಓದಿದ್ದು ಆ ನೋಟ್‌ಬುಕ್ಕು. ಯಶ್ಮಿತಾ ಒಂದು ತಿಂಗಳು ರಜೆ ಹಾಕಿದಳು, ಆಮೇಲೆ ಎಂದಿನ ಎಂಟೂಕಾಲಿಗೆ ಹೊರಟಳು. ಹೊರಡಲೇಬೇಕೆಂದು ನಳಿನಾಕ್ಷಿ ಚೀಟಿಯಲ್ಲಿ ಬರೆದು ತೋರಿಸಿದ್ದರು, ಆಗ ಅವರಿಗೆ ಮಾತು ಬರುತ್ತಿರಲಿಲ್ಲ.

ಈಗ ಮಾತು ಬರುತ್ತದೆ, ಸ್ವಲ್ಪ ದಪ್ಪವಾಗಿ. ಗಲ್ಲ ಒಂದು ಬದಿಗೆ ಎಳೆದುಕೊಂಡಿದೆ. ಫೋನಿಗೆ ಎರಡೂ ಗಲ್ಲ ತೋರಿಸುತ್ತಾರೆ.

ಒಂದು ಭಾನುವಾರ ಮಧ್ಯಾಹ್ನ ಗುರುವಪ್ಪ ತೊಂಡೆಕಾಯಿ ಸಾರು ಮಾಡಿದರು. ಜಂಕ್ಷನಿಗೆ ಹೋಗುವುದನ್ನು ಅವರು ಬಿಟ್ಟಿಲ್ಲ, ಈಗ ಬರುವ ದಾರಿಯಲ್ಲಿ ತರಕಾರಿ ತರುತ್ತಾರೆ, ಅಷ್ಟೇ. ಸಾರು ಕುದಿದಾಗ ಸೌಟಿನಲ್ಲಿ ಚೂರು ತೆಗೆದು, ಊದಿ, ಹೆಂಡತಿಯ ಮುಂದೆ ಹಿಡಿದರು. "ಉಪ್ಪು ನೋಡು."

"ನಿಮ್ಮ ನಾಲಗೆಗೆ ಎಂತ ಆಗಿದೆ?" ಎಂದರು ನಳಿನಾಕ್ಷಿ.

ಗುರುವಪ್ಪ ಸೌಟನ್ನೂ ಅವರನ್ನೂ ನೋಡಿ, ತಾನೇ ನೆಕ್ಕಿ, ಯೋಚಿಸಿ, ಭರಣಿಯ ಮುಚ್ಚಳ ತೆಗೆದರು.

ಆಮೇಲೆ ಎಲ್ಲರಿಗಿಂತ ಮೊದಲು ಊಟಕ್ಕೆ ಕುಳಿತದ್ದು ನಳಿನಾಕ್ಷಿ. ಡಾಕ್ಟರು ಹೇಳಿದ ಹಾಗೆ ಮೆತ್ತಗಿನ ಅನ್ನ, ಸಣ್ಣ ತುತ್ತು, ಬಲಗಡೆ. ಒಂದು ತುತ್ತು ನುಂಗಲು ಬಹಳ ಹೊತ್ತು. ಸಾರು ತುಟಿಯ ಎಡಮೂಲೆಯಿಂದ ಇಳಿಯುತ್ತಿತ್ತು, ಅಡಗಿಸದೆ ಒರೆಸಿಕೊಳ್ಳುತ್ತಿದ್ದರು. ಅನುಷ್ಕಾ ಎದುರಿಗೆ ಕುಳಿತು ಪ್ರತಿ ತುತ್ತಿಗೂ ತನ್ನ ಬಾಯಿಯನ್ನೂ ತೆರೆಯುತ್ತಿದ್ದಳು. ಬಟ್ಟಲು ಖಾಲಿಯಾಗಲು ಒಂದು ಗಂಟೆ ಬೇಕಾಯಿತು. ಉಳಿದವರೆಲ್ಲರ ಬಟ್ಟಲೂ ಇನ್ನೂ ಬೋರಲಾಗಿಯೇ ಕಾಯುತ್ತಿದ್ದವು, ಯಾರೂ ಅವಸರ ಮಾಡಲಿಲ್ಲ.

ಯಶ್ಮಿತಾ ಬಾಗಿಲಿಗೆ ಒರಗಿ ನಿಂತು ನೋಡುತ್ತಿದ್ದಳು. ತುತ್ತು ಬಾಯಿಗೆ ಇಡುವ ಮೊದಲು ಒಂದು ಕ್ಷಣ ಅದನ್ನು ನೋಡುವುದು, ಕಣ್ಣು ಅರೆ ಮುಚ್ಚಿ ಅಗಿಯುವುದು, ಬೆರಳ ತುದಿಯಿಂದ ಅನ್ನದ ಕೊನೆಯ ಅಗುಳನ್ನು ಬಟ್ಟಲಿನ ಅಂಚಿಗೆ ತಂದು ಎತ್ತುವುದು. ಅತ್ತೆ ಉಣ್ಣುವುದು ಹೀಗೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ.